ಗಣಕಯಂತ್ರದಲ್ಲಿ ಮನೆಯ ಪಂಚಾಂಗ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರನ್ನು ಕರೆದು ವೇದಿಕೆಯ ಮೇಲೆ ನಿಲ್ಲಿಸಿದರೆ ಅವರ ಮಾತು ಬಡ್ಡಿ, ತಾರೀಖು, ಗಡುವು ಇವುಗಳನ್ನು ಬಿಟ್ಟು ಬಹಳ ದೂರ ಹೋಗಲಾರದು. ಸಾಹಿತ್ಯವನ್ನು ಕುರಿತು ಮಾತನಾಡಲು ನಮಗಿಂತ ಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆದುದರಿಂದ ನಮಗೆ ತಿಳಿದ ತಾರೀಖಿನ ವಿಷಯವನ್ನೇ ತಮ್ಮ ಮುಂದೆ ಇಡಲು ಅಪ್ಪಣೆ ಬೇಡುತ್ತೇವೆ. ಇಂದು ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿನಲ್ಲಿ, ಕಚೇರಿಯ ಗಣಕಯಂತ್ರದಲ್ಲಿ, ಕ್ಯಾಲೆಂಡರು ಎಂಬ ಒಂದು ಪ್ರೋಗ್ರಾಮು ಕುಳಿತಿದೆ. ಮಕ್ಕಳು ಅದನ್ನು ಪರೀಕ್ಷೆಗೆ ಬಳಸುತ್ತಾರೆ, ಕಚೇರಿಯವರು ಮೀಟಿಂಗಿಗೆ ಬಳಸುತ್ತಾರೆ. ಮದರಾಸಿನಲ್ಲಿ ನೆಲೆಸಿರುವ ಕನ್ನಡದ ಮನೆಗೆ ಅದು ಯಾವ ಕೆಲಸಕ್ಕೆ ಬಂದೀತು, ಯಾವ ಕಡೆ ಅದು ಎಡವುತ್ತದೆ ಎಂಬುದೇ ನಮ್ಮ ಮಾತು. ಊರಿನ ಹೆಸರು 1996ರಲ್ಲಿಯೇ ಚೆನ್ನೈ ಎಂದಾಯಿತಾದರೂ ಹಿರಿಯರ ಬಾಯಲ್ಲಿ ಇನ್ನೂ ಮದರಾಸೇ ಇರುವುದರಿಂದ ನಾವೂ ಎರಡನ್ನೂ ಬೆರೆಸಿ ಆಡಿದರೆ ಕ್ಷಮಿಸಬೇಕು.

ನಮ್ಮ ಮನೆಗಳ ಗೋಡೆಯನ್ನೊಮ್ಮೆ ನೆನೆಸಿಕೊಳ್ಳಿ. ಅಂಗಡಿಯವರು ಕೊಟ್ಟ, ಶಿವಕಾಶಿಯಲ್ಲಿ ಅಚ್ಚಾದ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರು ಒಂದು ಮೊಳೆಯಲ್ಲಿ. ರಾಹುಕಾಲ, ಯಮಗಂಡ, ಆ ದಿನದ ನಕ್ಷತ್ರ ಎಲ್ಲವೂ ಅದರಲ್ಲಿ ಉಂಟು. ಪಕ್ಕದ ಮೊಳೆಯಲ್ಲಿ ಊರಿನಿಂದ ನೆಂಟರು ತಂದುಕೊಟ್ಟ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. ದೇವರ ಗೂಡಿನಲ್ಲಿ ಒಂಟಿಕೊಪ್ಪಲಿನ ಪಂಚಾಂಗವೋ, ತಮ್ಮ ತಮ್ಮ ಮಠದ ಪಂಚಾಂಗವೋ. ಮೂರೂ ಸತ್ಯವನ್ನೇ ಹೇಳುತ್ತವೆ. ಆದರೆ ಮೂರರ ಸತ್ಯ ಒಂದೇ ಅಲ್ಲ. ಬೆಂಗಳೂರಿನ ಕ್ಯಾಲೆಂಡರಿನಲ್ಲಿ ಬಲಿಪಾಡ್ಯಮಿಗೆ ಕೆಂಪು ಅಂಕಿ. ಇಲ್ಲಿ ದೀಪಾವಳಿ ಎಂದರೆ ನರಕಚತುರ್ದಶಿಯ ಒಂದು ದಿನ. 2025ರಲ್ಲಿ ಅಕ್ಟೋಬರ್ 20ರ ಸೋಮವಾರ ಎಣ್ಣೆನೀರು ಮುಗಿಸಿದ ಮದರಾಸು 22ರ ಬುಧವಾರ, ನಮ್ಮ ಬಲಿಪಾಡ್ಯಮಿಯಂದು, ಎಂದಿನಂತೆ ಕಚೇರಿಗೆ ಹೊರಟಿತ್ತು. ನವೆಂಬರ್ 1ರಂದು ಕರ್ನಾಟಕದಲ್ಲಿ ಬ್ಯಾಂಕು ಮುಚ್ಚುತ್ತದೆ, ಇಲ್ಲಿ ತೆರೆದಿರುತ್ತದೆ. ಪೊಂಗಲಿನಲ್ಲಿ ಇದು ತಿರುಗುಮುರುಗು. ಅಲ್ಲಿ ಸಂಕ್ರಾಂತಿಗೆ ಒಂದೇ ರಜೆ, ಇಲ್ಲಿ ಸಾಲಾಗಿ ಮೂರು. ಯುಗಾದಿಗೆ ಮಾತ್ರ ತಮಿಳುನಾಡು ಸರಕಾರದ ಪಟ್ಟಿಯಲ್ಲಿ ‘ತೆಲುಗು ಹೊಸವರ್ಷ’ ಎಂಬ ಹೆಸರಿನ ರಜೆಯುಂಟು. ರಜೆ ತೆಲುಗರ ಹೆಸರಿನಲ್ಲಿ ಬಂದರೇನು, ಬೇವುಬೆಲ್ಲ ಒಂದೇ ಎಂದು ನಾವು ಪ್ರತಿವರ್ಷವೂ ಸಂತೋಷವಾಗಿ ಪಡೆದುಕೊಳ್ಳುತ್ತೇವೆ.

ಬ್ಯಾಂಕಿನ ರಜೆ ರಾಜ್ಯಕ್ಕೊಂದು ಏಕೆ ಎಂದು ಕೆಲವರು ನಮ್ಮನ್ನು ಕೇಳುವುದುಂಟು. 1881ರ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯಿದೆಯ 25ನೆಯ ವಿಧಿಯಂತೆ ಈ ರಜೆಗಳು ಗೊತ್ತಾಗುತ್ತವೆ; ಆಯಾ ರಾಜ್ಯಸರಕಾರ ತನ್ನ ಪಟ್ಟಿಯನ್ನು ಪ್ರಕಟಿಸುತ್ತದೆ. ಅದೇ ವಿಧಿಯಲ್ಲಿ ಒಂದು ಸ್ವಾರಸ್ಯವಿದೆ. ಹುಂಡಿಯ ಗಡುವು ರಜೆಯ ದಿನ ಬಿದ್ದರೆ ಅದು ಮುಂದಿನ ದಿನಕ್ಕೆ ಹೋಗುವುದಿಲ್ಲ, ಹಿಂದಿನ ಕೆಲಸದ ದಿನಕ್ಕೆ ಸರಿಯುತ್ತದೆ. ಏಕಾದಶಿ ಎಂದು, ಪಾರಣೆ ಎಂದು ಎಂಬ ಚರ್ಚೆ ಪುರೋಹಿತರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ನಮ್ಮ ಕೌಂಟರಿನ ಹಿಂದೆಯೂ ಅಂಥದೇ ನಿರ್ಣಯಸಿಂಧು ಒಂದಿದೆ.

ಇನ್ನು ಪ್ರೋಗ್ರಾಮಿನ ವಿಷಯ. ಗಣಕಯಂತ್ರಗಳು ಬರುವ ಮುಂಚೆ ಶಾಖೆಗಳಲ್ಲಿ ಗಡುವಿನ ಡೈರಿ ಎಂದು ಇಡುತ್ತಿದ್ದರೆಂದು ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಯಾವ ಠೇವಣಿ ಎಂದು ಮುಗಿಯುತ್ತದೆ, ಯಾವ ಬಿಲ್ಲು ಎಂದು ಬರುತ್ತದೆ ಎಂದು ಮುಂದಿನ ಪುಟಗಳಲ್ಲಿ ಗುರುತು ಹಾಕಿ, ಬೆಳಗ್ಗೆ ಬಂದೊಡನೆ ಆ ದಿನದ ಪುಟ ತೆರೆಯುವುದು. ಮೊಬೈಲಿನ ಕ್ಯಾಲೆಂಡರೂ ಅಂಥ ಡೈರಿಯೇ. ಪುಟವನ್ನು ತಾನೇ ತೆರೆದು ಗಂಟೆ ಬಾರಿಸಿ ಕರೆಯುತ್ತದೆಂಬುದಷ್ಟೇ ಹೆಚ್ಚು. ಒಂದು ವಿಷಯವನ್ನು ಒಮ್ಮೆ ಬರೆದು ‘ಪ್ರತಿ ವಾರ’, ‘ಪ್ರತಿ ತಿಂಗಳು’, ‘ಪ್ರತಿ ವರ್ಷ’ ಎಂದು ಗುರುತು ಮಾಡಿದರೆ ಅದು ಮುಂದಕ್ಕೆಲ್ಲ ತಾನೇ ಬರೆದುಕೊಳ್ಳುತ್ತದೆ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಾಯಿತು. ಅದು ಯಾವ ತಾರೀಖಿಗೆ ಬರುತ್ತದೆಂದು ಎಣಿಸುವ ಗೊಡವೆಯೇ ಬೇಡ. ‘ಪ್ರತಿ ತಿಂಗಳ ಎರಡನೆಯ ಶನಿವಾರ’ ಎಂದರೆ ಯಂತ್ರಕ್ಕೆ ಅರ್ಥವಾಗುತ್ತದೆ. ವಿಮೆಯ ಕಂತು, ಮಗುವಿನ ಶಾಲೆಯ ಶುಲ್ಕ, ತಂದೆಯವರ ಸಕ್ಕರೆ ಪರೀಕ್ಷೆ, ಗ್ಯಾಸಿನ ಬುಕಿಂಗು ಎಲ್ಲವನ್ನೂ ಹೀಗೆ ಒಪ್ಪಿಸಿಬಿಡಬಹುದು. ಚೆಕ್ಕಿಗೆ 2012ರ ಏಪ್ರಿಲ್ 1ರಿಂದ ಮೂರೇ ತಿಂಗಳ ಆಯುಸ್ಸು ಎಂಬುದನ್ನು ಮರೆತು, ಅಲ್ಮೆರಾದಲ್ಲಿ ಜೋಪಾನವಾಗಿ ಇಟ್ಟು ತರುವವರನ್ನು ನಾವು ಇಂದಿಗೂ ಕಾಣುತ್ತೇವೆ. ಅದೂ ಒಂದು ಸಾಲು ಬರೆದಿಟ್ಟರೆ ತಪ್ಪುವ ನಷ್ಟ.

ಒಂದು ಕಂಪೆನಿಯ ಕ್ಯಾಲೆಂಡರಿನಲ್ಲಿ ಬರೆದುದು ಇನ್ನೊಂದರಲ್ಲಿ ತೆರೆಯುವುದು ಹೇಗೆಂದು ಕೇಳಬಹುದು. ಐಕ್ಯಾಲೆಂಡರ್ ಎಂಬ ಹೆಸರಿನ ಒಂದು ಸಾಮಾನ್ಯ ಬರವಣಿಗೆಯ ಕ್ರಮ 1998ರಲ್ಲಿ ಗೊತ್ತಾಗಿ, 2009ರಲ್ಲಿ ಪರಿಷ್ಕಾರವಾಯಿತು. 2006ರಲ್ಲಿ ಬಂದ ಗೂಗಲ್ ಕ್ಯಾಲೆಂಡರೇ ಇರಲಿ, ಮೈಕ್ರೋಸಾಫ್ಟಿನ ಔಟ್‌ಲುಕ್ಕೇ ಇರಲಿ, ಆಪಲ್‌ನದೇ ಇರಲಿ, ಆ ಕ್ರಮವನ್ನು ಬಲ್ಲವು. ಮದುವೆಯ ಆಮಂತ್ರಣವನ್ನು ಆ ರೂಪದಲ್ಲಿ ಕಳುಹಿಸಿದರೆ ಯಾರ ಮೊಬೈಲಿನಲ್ಲಾದರೂ ಅದು ತನ್ನ ದಿನದ ಪುಟಕ್ಕೆ ಹೋಗಿ ಕೂರುತ್ತದೆ.

ಇಷ್ಟೆಲ್ಲ ಬಲ್ಲ ಯಂತ್ರ ಎಡವುವುದು ಎಲ್ಲಿ? ನಮ್ಮ ಮನೆಯ ಮುಖ್ಯವಾದ ದಿನಗಳಲ್ಲಿಯೇ. ಅದಕ್ಕೆ ‘ಪ್ರತಿ ವರ್ಷ ಯುಗಾದಿ’ ಎಂದು ಹೇಳಿ ನೋಡಿ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರ ಪಂಚಾಂಗದಲ್ಲಿ ಮಾರ್ಚ್ 19. ಮೊದಲ ವರ್ಷದ ತಾರೀಖನ್ನು ಹಿಡಿದು ‘ಪ್ರತಿ ವರ್ಷ’ ಎಂದವರ ಮೊಬೈಲು ಆಮೇಲಿನ ಈ ಮೂರು ವರ್ಷಗಳಲ್ಲಿ ಒಮ್ಮೆಯೂ ಸರಿಯಾದ ದಿನ ಗಂಟೆ ಬಾರಿಸದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಆ ಕೊರತೆ ಕೂಡುತ್ತ ಕೂಡುತ್ತ ಒಂದು ತಿಂಗಳಾದಾಗ ಅಧಿಕಮಾಸ ಸೇರಿಸಿ ಲೆಕ್ಕ ಸರಿದೂಗಿಸುತ್ತಾರೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಬಾಕಿ ತೀರಿಸುವ ಒಂದು ನಮೂದು. 19 ವರ್ಷಗಳಲ್ಲಿ ಅಂಥವು ಏಳು. 2023ರಲ್ಲಿ ಶ್ರಾವಣ ಅಧಿಕವಾಗಿತ್ತು, 2026ರಲ್ಲಿ ಜ್ಯೇಷ್ಠ ಅಧಿಕ. ತಿಥಿಯ ಲೆಕ್ಕ ಇನ್ನೂ ನಾಜೂಕು. ಸೂರ್ಯನಿಂದ ಚಂದ್ರನು ಹನ್ನೆರಡು ಅಂಶ ಮುಂದೆ ಸರಿಯುವ ಹೊತ್ತು ಒಂದು ತಿಥಿ. ಚಂದ್ರನ ನಡಿಗೆ ಒಂದೇ ಸಮನಲ್ಲವಾದುದರಿಂದ ಅದು ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಏರುಪೇರಾಗುತ್ತದೆ. ಒಂದು ತಿಥಿ ಎರಡು ಸೂರ್ಯೋದಯ ಕಾಣುವುದೂ ಉಂಟು, ಇನ್ನೊಂದು ಒಂದನ್ನೂ ಕಾಣದೆ ಲೋಪವಾಗುವುದೂ ಉಂಟು. ಊರು ಬದಲಾದರೆ ಸೂರ್ಯೋದಯವೂ ಬದಲು; ಮದರಾಸಿನಲ್ಲಿ ಸೂರ್ಯನು ಬೆಂಗಳೂರಿಗಿಂತ ಹತ್ತು ನಿಮಿಷಕ್ಕೂ ಸ್ವಲ್ಪ ಮುಂಚೆಯೇ ಮುಖ ತೋರಿಸುತ್ತಾನೆ. ತಿಥಿ ಆ ಹತ್ತು ನಿಮಿಷಗಳಲ್ಲಿ ಬದಲಾಗುವ ಅಪರೂಪದ ದಿನ ಎರಡೂರಿಗೂ ಉದಯದ ತಿಥಿ ಬೇರೆಯಾಗುತ್ತದೆ.

ಮದರಾಸಿಗೆ ಈ ಲೆಕ್ಕ ಹೊಸದೇನಲ್ಲ. ನುಂಗಂಬಾಕ್ಕಮಿನಲ್ಲಿದ್ದ ಮದರಾಸು ವೀಕ್ಷಣಾಲಯದಲ್ಲಿ ಕೆಲಸ ಮಾಡಿ 1880ರಲ್ಲಿ ತೀರಿಕೊಂಡ ಚಿಂತಾಮಣಿ ರಘುನಾಥಾಚಾರ್ಯರು, ಆಕಾಶವನ್ನು ಕಣ್ಣಾರೆ ನೋಡಿ ಪಂಚಾಂಗವನ್ನು ತಿದ್ದಬೇಕೆಂದು ವಾದಿಸಿದವರು. ಆಮೇಲೆ ಬಂದವರು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು. ಕ್ರೈಸ್ತ ಮತದವರು, ಸರಕಾರದ ಅಧಿಕಾರಿ, ಮದರಾಸು ಶಾಸನಸಭೆಗೆ ಅಧ್ಯಕ್ಷರೂ ಆಗಿದ್ದವರು. ಕ್ರಿ.ಶ. 700ರಿಂದ 1799ರವರೆಗಿನ ತಿಥಿ ನಕ್ಷತ್ರಗಳಿಗೆ ಇಂಗ್ಲಿಷು ತಾರೀಖು ಹೊಂದಿಸಿ ಅವರು ಸಿದ್ಧಪಡಿಸಿದ ‘ಇಂಡಿಯನ್ ಎಫೆಮರಿಸ್’ ಸಂಪುಟಗಳನ್ನು 1922ರಲ್ಲಿ ಇಲ್ಲಿಯ ಸರಕಾರಿ ಮುದ್ರಣಾಲಯ ಅಚ್ಚುಮಾಡಿತು. ಗಣಕಯಂತ್ರವಿಲ್ಲದ ಕಾಲದ ಮಾತು! ಶಕವರ್ಷ, ಮಾಸ, ತಿಥಿ, ವಾರ ಎಂದು ಬರೆದಿರುವ ನಮ್ಮ ಕನ್ನಡ ಶಾಸನಗಳ ತಾರೀಖನ್ನು ಗೊತ್ತುಮಾಡಲು ವಿದ್ವಾಂಸರು ಕೈಗೆತ್ತಿಕೊಂಡುದು ಆ ಕೋಷ್ಟಕಗಳನ್ನೇ. ಅವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿರುವುದು ಒಳ್ಳೆಯದು.

ಗಣಕಯಂತ್ರವೂ ಒಳಗೊಳಗೆ ದಿನಗಳನ್ನು ಬಿಡಿಬಿಡಿಯಾಗಿ ತಿಳಿಯದು, ಎಣಿಕೆಯಾಗಿಯೇ ತಿಳಿಯುತ್ತದೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತೆಂಬ ಒಂದು ಸಂಖ್ಯೆಯನ್ನು ಬಹುಪಾಲು ಯಂತ್ರಗಳು ಇಟ್ಟುಕೊಂಡಿರುತ್ತವೆ. ನಮ್ಮ ಜ್ಯೋತಿಷಿಗಳು ಕಲಿಯುಗದ ಮೊದಲ ದಿನದಿಂದ ಎಣಿಸುವ ಅಹರ್ಗಣವೂ ಇದೇ ಜಾತಿಯದು. ಆದ್ದರಿಂದ ಯಂತ್ರಕ್ಕೆ ತಿಥಿ ಕಲಿಸುವುದು ಅಸಾಧ್ಯವೇನಲ್ಲ. ರೈನ್‌ಗೋಲ್ಡ್, ಡರ್ಷೋವಿಟ್ಸ್ ಎಂಬ ಇಬ್ಬರು ವಿದ್ವಾಂಸರು 1997ರ ತಮ್ಮ ಪುಸ್ತಕದಲ್ಲಿ ಹಿಂದೂ ಪಂಚಾಂಗದ ಗಣಿತವನ್ನೂ ಯಂತ್ರಕ್ಕೆ ಒಗ್ಗುವಂತೆ ಬರೆದರು. 2015ರಲ್ಲಿ ಐಕ್ಯಾಲೆಂಡರಿನ ನಿಯಮಗಳಿಗೆ ಒಂದು ಸೇರ್ಪಡೆಯೂ ಆಯಿತು. ಚೀಣರ, ಯೆಹೂದ್ಯರ ತಿಂಗಳುಗಳಲ್ಲಿ ಬರುವ ಹಬ್ಬವನ್ನು, ಅವರ ಅಧಿಕಮಾಸವನ್ನೂ ಗಮನಿಸಿ, ‘ಪ್ರತಿ ವರ್ಷ’ ಎಂದು ಬರೆಯಲು ಅಲ್ಲಿ ದಾರಿಯಿದೆ. ನಮ್ಮ ಚಾಂದ್ರಮಾನ ಮಾತ್ರ ಆ ಸಾಲಿನಲ್ಲಿ ಸೇರಿಲ್ಲ. ಸೇರಿರುವುದು ‘ಭಾರತೀಯ’ ಎಂಬ ಹೆಸರಿನ ಶಕ ಪಂಚಾಂಗ. ಹೆಸರು ನೋಡಿ ಮೋಸಹೋಗಬಾರದು. ಮೇಘನಾದ ಸಾಹಾ ಅವರ ಸಮಿತಿ 1955ರಲ್ಲಿ ವರದಿ ಕೊಟ್ಟು, 1957ರ ಮಾರ್ಚ್ 22ರಿಂದ ಕೇಂದ್ರಸರಕಾರ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ ಅದು. ಅದರಲ್ಲಿ ಚೈತ್ರ 1 ಎಂದರೆ ಎಂದೆಂದಿಗೂ ಮಾರ್ಚ್ 22; ಅಧಿಕ ವರ್ಷದಲ್ಲಿ 21. ಚಂದ್ರನಿಗೂ ಅದಕ್ಕೂ ಮಾತುಕತೆಯಿಲ್ಲ. ಮೊಬೈಲಿನಲ್ಲಿ ‘ಶಕ’ ಎಂದು ಕಂಡೊಡನೆ ಒತ್ತಿ, ‘ಚೈತ್ರ 1 ಬಂತು, ಯುಗಾದಿ’ ಎಂದು ಹೋಳಿಗೆಗೆ ಬೇಳೆ ನೆನೆಸುವಂತಿಲ್ಲ.

ಹಬ್ಬ ಒಂದು ದಿನ ತಪ್ಪಿದರೆ ನಗುವ ವಿಷಯ. ಇನ್ನೊಂದುಂಟು, ಅದು ನಗುವಂಥದಲ್ಲ. ತಂದೆತಾಯಿಗಳ ಶ್ರಾದ್ಧದ ದಿನ. ಊರಿನಲ್ಲಿದ್ದಾಗ ಮನೆಯ ಪುರೋಹಿತರೇ ಎಂಟು ದಿನ ಮುಂಚೆ ಬಂದು ನೆನಪಿಸುತ್ತಿದ್ದರು. ಮನೆಯ ಹಿರಿಯಾಕೆಗೆ ಮೂರು ತಲೆಮಾರಿನ ತಿಥಿಗಳು ಬಾಯಿಪಾಠ. ಇಲ್ಲಿ ನಾವು ಕರೆಯುವ ಪುರೋಹಿತರು ಹೆಚ್ಚಿನವರು ತಮಿಳರು. ಅವರ ತಿಂಗಳು ಸೌರಮಾನದ್ದು, ನಮ್ಮದು ಚಾಂದ್ರಮಾನ. ಉದಾಹರಣೆಗೆ ‘ಕಾರ್ತಿಕ ಬಹುಳ ಪಂಚಮಿ’ ಎಂದಿಟ್ಟುಕೊಳ್ಳಿ. 2025ರಲ್ಲಿ ನಮ್ಮ ಲೆಕ್ಕಕ್ಕೆ ಅದು ನವೆಂಬರ್ 9, ಭಾನುವಾರ. ಆ ದಿನ ತಮಿಳರಿಗೆ ಇನ್ನೂ ಐಪ್ಪಸಿ ನಡೆಯುತ್ತಿತ್ತು. ಅವರ ಕಾರ್ತಿಗೈ ಹುಟ್ಟಿದ್ದು ಅದಾದ ಒಂದು ವಾರಕ್ಕೆ. ‘ಕಾರ್ತಿಕ’ ಎಂಬ ಒಂದೇ ಮಾತನ್ನು ಕೇಳಿ, ತಮ್ಮ ಪದ್ಧತಿಯಂತೆ ಕಾರ್ತಿಗೈ ತಿಂಗಳ ಬಹುಳ ಪಂಚಮಿಯನ್ನು ಹುಡುಕಿದರೆ ಸಿಕ್ಕುವುದು ಡಿಸೆಂಬರ್ ಎರಡನೆಯ ವಾರ. ಒಂದು ತಿಂಗಳು ಆಚೆ! ಅವರ ಲೆಕ್ಕವೂ ಸರಿ, ನಮ್ಮದೂ ಸರಿ, ನಡುವೆ ತಂದೆಯ ದಿನ ಕಳೆದುಹೋಗುತ್ತದೆ. ಸೌರಮಾಸದಲ್ಲಿ ಒಂದೇ ತಿಥಿ ಒಮ್ಮೊಮ್ಮೆ ಎರಡು ಸಲ ಬರುವುದೂ, ಒಮ್ಮೊಮ್ಮೆ ಬಾರದೆಯೇ ಇರುವುದೂ ಉಂಟಾದ್ದರಿಂದ ತೊಡಕು ಇನ್ನೂ ಹೆಚ್ಚು. ಕನ್ನಡದವರಲ್ಲಿಯೇ ಎಲ್ಲರೂ ಚಾಂದ್ರಮಾನದವರಲ್ಲ. ಉಡುಪಿ, ಮಂಗಳೂರಿನ ಕಡೆಯಿಂದ ಬಂದು ಇಲ್ಲಿ ಹೋಟೆಲು ನಡೆಸುವ ಬಂಧುಗಳಿಗೆ ವರ್ಷ ಹುಟ್ಟುವುದು ಬಿಸುವಿನಂದು, ತಮಿಳರ ಹೊಸವರ್ಷದ ಆಸುಪಾಸಿಗೇ. ಮಠದಿಂದ ಮಠಕ್ಕೆ ಏಕಾದಶಿ ಬೇರೆಯಾಗುವುದೂ ತಮಗೆಲ್ಲ ಗೊತ್ತಿದ್ದದ್ದೇ. ಹೀಗಿರುವಾಗ ಯಾರೋ ಮಾಡಿಟ್ಟ ‘ಹಿಂದೂ ಹಬ್ಬಗಳು’ ಎಂಬ ಸಿದ್ಧ ಪಟ್ಟಿಯನ್ನು ಮೊಬೈಲಿಗೆ ಇಳಿಸಿಕೊಂಡು ನಿಶ್ಚಿಂತರಾಗುವುದು ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ದಾರಿ? ನಾವು ಕೆಲವು ಮನೆಗಳವರು ನಾಲ್ಕಾರು ವರ್ಷಗಳಿಂದ ಮಾಡಿಕೊಂಡು ಬಂದಿರುವುದನ್ನು ಹೇಳುತ್ತೇವೆ. ಮೊಬೈಲಿನ ಕ್ಯಾಲೆಂಡರಿನೊಳಗೆ ಬೇರೆ ಬೇರೆ ಬಣ್ಣದ ಹಲವು ಕ್ಯಾಲೆಂಡರುಗಳನ್ನು ತೆರೆಯಬಹುದು. ಅದರಲ್ಲೊಂದಕ್ಕೆ ‘ಮನೆಯ ಪಂಚಾಂಗ’ ಎಂದು ಹೆಸರಿಟ್ಟು ಬೇರೆಯಾಗಿಯೇ ಇಡಬೇಕು. ಕಚೇರಿಯ ಮೀಟಿಂಗಿನ ಜೊತೆ ಬೆರೆಸಬಾರದು. ಹೊಸ ಪಂಚಾಂಗ ಮನೆಗೆ ಬಂದ ವಾರ, ಯುಗಾದಿಯ ಪಂಚಾಂಗಶ್ರವಣವಾದ ಮೇಲೆ, ಒಂದು ಗಂಟೆ ಕುಳಿತು ಆ ವರ್ಷದ ಹತ್ತು ಹದಿನೈದು ದಿನಗಳನ್ನು ಅಲ್ಲಿ ಬರೆಯಬೇಕು. ‘ಪ್ರತಿ ವರ್ಷ’ ಎಂಬ ಗುಂಡಿಯನ್ನು ಮುಟ್ಟಲೇಕೂಡದು. ಶೀರ್ಷಿಕೆಯಲ್ಲಿ ತಾರೀಖಲ್ಲ, ತಿಥಿಯೇ ಇರಲಿ: ‘ಅಜ್ಜಿಯ ಶ್ರಾದ್ಧ, ಚಾಂದ್ರಮಾನ ಕಾರ್ತಿಕ ಬಹುಳ ಪಂಚಮಿ’. ಆ ‘ಚಾಂದ್ರಮಾನ’ ಎಂಬ ಒಂದು ಮಾತು ಪುರೋಹಿತರಿಗೆ ಹೇಳುವಾಗ ಬಹಳ ಉಪಕಾರಕ್ಕೆ ಬರುತ್ತದೆ. ಕೆಳಗೆ ವಿವರಕ್ಕೆಂದು ಬಿಟ್ಟ ಜಾಗದಲ್ಲಿ ಗೋತ್ರ, ಮೂರು ತಲೆಮಾರಿನ ಹೆಸರು, ಅಡಿಗೆಯಲ್ಲಿ ಬಿಡಬೇಕಾದ ತರಕಾರಿ ಇವನ್ನು ಬರೆಯಿರಿ. ಹಿರಿಯರು ಹೇಳಿದಂತೆಯೇ, ಅವರ ಮಾತಿನಲ್ಲಿಯೇ ಬರೆದರೆ ಉತ್ತಮ. ಕನ್ನಡದ ಅಕ್ಷರದಲ್ಲಿಯೇ ಬರೆಯಿರೆಂದು ವಿಶೇಷವಾಗಿ ಬೇಡುತ್ತೇವೆ. ಶಾಲೆಯಲ್ಲಿ ತಮಿಳು, ಇಂಗ್ಲಿಷು ಓದುವ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವ ಸಂದರ್ಭವೇ ಕಡಿಮೆ. ಗಂಟೆ ಬಾರಿಸಿ ಎದುರಿಗೆ ನಿಂತ ಒಂದು ಸಾಲನ್ನು ಅವರು ಹೇಗಾದರೂ ಕೂಡಿಸಿ ಓದುತ್ತಾರೆ.

ಗಂಟೆ ಎಂದು ಬಾರಿಸಬೇಕು ಎಂಬುದೂ ಯೋಚಿಸತಕ್ಕ ವಿಷಯ. ಆ ದಿನ ಬೆಳಗ್ಗೆ ಬಾರಿಸಿದರೆ ಏನು ಫಲ? ಊರಿಗೆ ಹೋಗಿ ಮಾಡುವವರಾದರೆ ರೈಲಿನ ಲೆಕ್ಕ ಹಿಡಿಯಬೇಕು. 2024ರ ನವೆಂಬರ್ 1ರಿಂದ ರೈಲ್ವೆಯವರು ಮುಂಗಡ ಕಾದಿರಿಸುವ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದರು. ಗೌರಿಹಬ್ಬಕ್ಕೂ ದಸರೆಗೂ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಮಲಗುವ ಜಾಗ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆಂಬುದನ್ನು ತಮಗೆ ನಾವು ಹೇಳಬೇಕಾಗಿಲ್ಲ. ಆದ್ದರಿಂದ ಮೊದಲ ಗಂಟೆ 61 ದಿನ ಮುಂಚೆ, ಎರಡನೆಯದು ರಜೆಯ ಅರ್ಜಿಗೆ ಹದಿನೈದು ದಿನ ಮುಂಚೆ, ಮೂರನೆಯದು ಪುರೋಹಿತರಿಗೆ ನೆನಪಿಸಲು ಎರಡು ದಿನ ಮುಂಚೆ. ಒಂದೇ ವಿಷಯಕ್ಕೆ ಹಲವು ಗಂಟೆ ಕಟ್ಟುವುದಕ್ಕೆ ಪ್ರೋಗ್ರಾಮಿನಲ್ಲಿ ಅಡ್ಡಿಯಿಲ್ಲ. ಒಂದು ಜ್ಞಾಪನೆಯಲ್ಲಿ ಅಷ್ಟು ದಿನ ಹಿಂದಕ್ಕೆ ಹೋಗಲು ಬಾರದಿದ್ದರೆ ‘ಇಂದು ಟಿಕೆಟ್ಟು’ ಎಂದು ಬೇರೆ ಒಂದು ಸಾಲನ್ನೇ ಆ ದಿನಕ್ಕೆ ಬರೆದರಾಯಿತು.

ಬರೆದ ಕ್ಯಾಲೆಂಡರನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೊಡನೆ ಹಂಚಿಕೊಳ್ಳಬಹುದು. ಒಬ್ಬರಿಗೆ ಮಾತ್ರ ತಿದ್ದುವ ಅಧಿಕಾರ, ಉಳಿದವರಿಗೆ ನೋಡುವುದು. ಬ್ಯಾಂಕಿನಲ್ಲಿ ಒಂದು ಬೀಗಕ್ಕೆ ಇಬ್ಬರ ಕೀಲಿಕೈ ಇರುವುದು ಒಳ್ಳೆಯದಾದರೂ ಪಂಚಾಂಗಕ್ಕೆ ಅದು ಒಗ್ಗದು. ಐದು ಜನ ತಿದ್ದತೊಡಗಿದರೆ ಗಣೇಶನ ಹಬ್ಬ ಎರಡೆರಡು ಬಂದೀತು. ಹಂಚುವಾಗ ‘ಸಾರ್ವಜನಿಕ’ ಎಂಬ ಮಾತಿನ ಎದುರು ಗುರುತು ಹಾಕದಂತೆ ಎಚ್ಚರವಿರಲಿ. ಮನೆಮಂದಿಯೆಲ್ಲ ಎಂದಿನಿಂದ ಎಂದಿನವರೆಗೆ ಊರಿನಲ್ಲಿಲ್ಲ ಎಂಬುದು ಬಂಧುಗಳಿಗೆ ತಿಳಿದರೆ ಸಾಕು. ಗುರುತಿಲ್ಲದವರು ಕಳುಹಿಸಿದ ಆಹ್ವಾನವೊಂದು ತಾನಾಗಿ ಕ್ಯಾಲೆಂಡರಿನಲ್ಲಿ ಬಂದು ಕುಳಿತು, ಬಹುಮಾನ ಬಂದಿದೆ, ಇಲ್ಲಿ ಒತ್ತಿ ಎಂದರೆ ಒತ್ತಕೂಡದು, ಅಳಿಸಿಬಿಡಿ. ಇದು ನಮ್ಮ ಕೌಂಟರಿನ ಅನುಭವದಿಂದ ಆಡುವ ಮಾತು.

ಅಮೆರಿಕೆಯಲ್ಲಿ ಮಕ್ಕಳಿರುವವರಿಗೆ ಒಂದು ಸೂಚನೆ. ಸಮಯವನ್ನು ಬರೆಯುವಾಗ ಭಾರತದ ಸಮಯವೆಂದು ಗುರುತಿಸಿದರೆ ಅಲ್ಲಿಯ ಮೊಬೈಲು ತಾನೇ ಬದಲಿಸಿಕೊಳ್ಳುತ್ತದೆ. ನಮ್ಮ ಸಂಜೆ ಆರು ಗಂಟೆ ನ್ಯೂಯಾರ್ಕಿನಲ್ಲಿ ಅಕ್ಟೋಬರಿನಲ್ಲಿ ಬೆಳಗ್ಗೆ ಎಂಟೂವರೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಏಳೂವರೆ. ರಾಜ್ಯೋತ್ಸವದ ಕಾರ್ಯಕ್ರಮಗಳು ಆ ಭಾನುವಾರದ ಎರಡು ಪಕ್ಕಕ್ಕೂ ಬೀಳುವುದರಿಂದ ಹೇಳಬೇಕಾಯಿತು. ತಿಥಿಯನ್ನು ಮಾತ್ರ ಮೊಬೈಲು ಬದಲಿಸದು. ಅಲ್ಲಿಯ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗವನ್ನೇ ಅವರು ನೋಡಬೇಕು.

ಕಡೆಯದಾಗಿ ಸಂಘದ ಮಾತು. 1956ರ ನವೆಂಬರ್ 1 ಎಂಬ ದಿನ ಅಲುಗುವಂಥದಲ್ಲ. ಅದು ‘ಪ್ರತಿ ವರ್ಷ’ ಎಂದು ನಿರ್ಭಯವಾಗಿ ಒತ್ತಬಹುದಾದ ದಿನ. ಆದರೆ ಉತ್ಸವದ ದಿನ ಗೊತ್ತುಮಾಡುವುದು ಎಷ್ಟು ಕಷ್ಟವೆಂಬುದನ್ನು ಕಾರ್ಯದರ್ಶಿಗಳನ್ನೇ ಕೇಳಬೇಕು. ಅಂದು ಇಲ್ಲಿ ರಜೆಯಿಲ್ಲ, ಭಾನುವಾರಕ್ಕೆ ಕಾಯಬೇಕು. ನವೆಂಬರು ಎಂದರೆ ಈಶಾನ್ಯ ಮಳೆಗಾಲ. 2015ರ ನವೆಂಬರ್, ಡಿಸೆಂಬರ್ ತಿಂಗಳ ಮಳೆಯನ್ನು ಇಲ್ಲಿ ಮರೆತವರಿಲ್ಲ. ಡಿಸೆಂಬರಿಗೆ ತಳ್ಳಿದರೆ ಶಾಲೆಗಳ ಅರ್ಧವಾರ್ಷಿಕ ಪರೀಕ್ಷೆ, ಹದಿನೈದರ ನಂತರ ಮಾರ್ಗಳಿಯ ಸಂಗೀತೋತ್ಸವ, ಸಭಾಂಗಣವೇ ಸಿಕ್ಕದು. ಇವೆಲ್ಲದರ ನಡುವೆ ಉಳಿಯುವ ಎರಡು ಮೂರು ಭಾನುವಾರಗಳಿಗೆ ಊರಿನ ಕನ್ನಡ ಸಂಘಗಳೆಲ್ಲ ಕೈಹಾಕುತ್ತವೆ. ಒಂದೇ ಸಂಜೆ ಎರಡು ಕಡೆ ಕಾರ್ಯಕ್ರಮವಾದರೆ ಎರಡು ಕಡೆಯೂ ಕುರ್ಚಿಗಳು ಖಾಲಿ. ಕರಪತ್ರ ಕೈಸೇರುವ ಹೊತ್ತಿಗೆ ದೂರದ ಬಡಾವಣೆಯವರಿಗೆ ದಿನ ಕಳೆದಿರುತ್ತದೆ. ಆದ್ದರಿಂದ ಸಂಘದ ಹೆಸರಿನಲ್ಲಿ ಒಂದು ಕ್ಯಾಲೆಂಡರು ತೆರೆದು, ಉಳಿದ ಕನ್ನಡ ಸಂಘಗಳನ್ನೂ ಕೇಳಿಕೊಂಡು, ದಿನ ಗೊತ್ತುಮಾಡುವ ಮೊದಲೇ ‘ಯೋಚನೆಯಲ್ಲಿದೆ’ ಎಂದು ಅಲ್ಲಿ ಬರೆಯುವ ಪದ್ಧತಿ ಬರಲೆಂದು ಕಾರ್ಯಕಾರಿ ಸಮಿತಿಯನ್ನು ಬೇಡುತ್ತೇವೆ. ಮೊಬೈಲು ನೋಡದ ಹಿರಿಯರಿಗಾಗಿ ತಿಂಗಳಿಗೊಂದು ಹಾಳೆ ದೊಡ್ಡ ಅಕ್ಷರದಲ್ಲಿ ಅಚ್ಚುಮಾಡಿ ಸಂಘದ ಬಾಗಿಲಲ್ಲಿ ಅಂಟಿಸತಕ್ಕದ್ದು. ಅದನ್ನು ನೋಡಿಕೊಳ್ಳುವ ಕೆಲಸವನ್ನು ಒಂದು ವರ್ಷ ಹೊರಲು ನಾವು ಸಿದ್ಧರಿದ್ದೇವೆ.

ಸಭೆ ಮುಗಿದ ಮೇಲೆ, ಕಾಫಿಯ ಹೊತ್ತಿನಲ್ಲಿ, ಬಾಗಿಲ ಪಕ್ಕದ ಮೇಜಿನ ಹತ್ತಿರ ನಾವು ಕುಳಿತಿರುತ್ತೇವೆ. ಮೊಬೈಲು ತಂದಿರುವವರು ಬಂದರೆ ‘ಮನೆಯ ಪಂಚಾಂಗ’ವನ್ನು ಅಲ್ಲಿಯೇ ತೆರೆದುಕೊಡುತ್ತೇವೆ. ಮನೆಯ ಹಿರಿಯರಿಗೆ ನೆನಪಿರುವ ತಿಥಿಗಳನ್ನು ಒಂದು ಚೀಟಿಯಲ್ಲಿ ಬರೆದು ತಂದಿಲ್ಲದವರು ಇಂದು ರಾತ್ರಿಯೇ ಕೇಳಿ ಬರೆದುಕೊಂಡು, ಮುಂದಿನ ಭಾನುವಾರ ಸಂಘದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವಾಗ ತರಬಹುದು.